ಪಿಯುಸಿ ಪಾಸಾದ ಕೇರಿಯ ಹುಡುಗರು ಪದವಿ ಕಾಲೇಜಿಗೆ ಏಕೆ ಬರುತ್ತಿಲ್ಲ?

ಪ್ರಶ್ನೆ: ಇತಿಹಾಸದ ಮೇಷ್ಟ್ರು, ಸಾಗರ ಸೀಮೆ

ಸಾಗರ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಇತಿಹಾಸ ಬೋಧಿಸುತ್ತೇನೆ. ಈ ಬಾರಿ ನನ್ನ ತರಗತಿಯಲ್ಲಿ ಪಾಸಾದ ಪರಿಶಿಷ್ಟ ಜಾತಿ ಮತ್ತು ಪಂಗಡದ ಹುಡುಗರು ಹನ್ನೊಂದು ಮಂದಿ. ಪದವಿಗೆ ಅರ್ಜಿ ಹಾಕಿದವರು ನಾಲ್ವರು. ಅದೇ ಕೇರಿಗಳ, ಅದೇ ಮನೆಗಳ ಹುಡುಗಿಯರು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಸೇರಿದ್ದಾರೆ. ಹಿಂದೆ ಶರಾವತಿ ಹಿನ್ನೀರಿನಾಚೆಯ ಮಕ್ಕಳು ಬಾರದಿದ್ದಾಗ ಲಾಂಚಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಿದ್ದೆವು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆಯೇ ತೆರೆದುಕೊಂಡ ಮೇಲೆ ಆ ನೆಪವೂ ಉಳಿದಿಲ್ಲ.

ಇದೇ ಯೋಚನೆಯಲ್ಲಿದ್ದಾಗ ಅಮೆರಿಕದ ಕಪ್ಪುವರ್ಣೀಯ ಯುವಕರ ಕಾಲೇಜು ಶಿಕ್ಷಣದ ಬಗ್ಗೆ ಓದತೊಡಗಿದೆ. ಅಲ್ಲಿ ಕಪ್ಪುವರ್ಣೀಯರು ಪಡೆಯುವ ಪದವಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೆಣ್ಣುಮಕ್ಕಳದು. ಕಪ್ಪುವರ್ಣೀಯರಿಗೆಂದೇ ಹುಟ್ಟಿಕೊಂಡ ಸುಮಾರು ನೂರು ಕಾಲೇಜುಗಳಲ್ಲಿಯೂ, 1976ರಲ್ಲಿ ಶೇ 38ರಷ್ಟಿದ್ದ ಆ ಸಮುದಾಯದ ಗಂಡುಮಕ್ಕಳ ಪ್ರಮಾಣ ಈಗ ಶೇ 26ರ ಆಸುಪಾಸಿಗೆ ಇಳಿದಿದೆ. ಗುಲಾಮಗಿರಿ, ಪ್ರತ್ಯೇಕ ಶಾಲೆಗಳು, ಜೈಲು ಇವೆಲ್ಲ ಸೇರಿದ ಅವರ ಚರಿತ್ರೆಯನ್ನು ತಂದು ನಮ್ಮ ಜಾತಿಯ ಚರಿತ್ರೆಯ ಮೇಲೆ ಹಾಗೆಯೇ ಹೊದಿಸಬಾರದೆಂಬ ಎಚ್ಚರ ನನಗಿದೆ. ಆದರೆ ಹುಡುಗಿ ಮುಂದೆ ಹೋಗಿ ಹುಡುಗ ಮನೆಯಲ್ಲೇ ಉಳಿಯುವ ಸಂಗತಿ ಎರಡೂ ಕಡೆ ಇದೆ. ಅವರು ಏನೇನು ಮಾಡಿ ನೋಡಿದರು, ಅದರಲ್ಲಿ ಯಾವುದು ಮಲೆನಾಡಿನಲ್ಲಿ ನಡೆದೀತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ತೀರ್ಥಹಳ್ಳಿಯವನು, ಈಗ ಅಟ್ಲಾಂಟಾದಲ್ಲಿ

ಮೇಷ್ಟ್ರೇ, ನಾನಿರುವ ಜಾರ್ಜಿಯಾ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು 2002ರಲ್ಲೇ ಕಪ್ಪುವರ್ಣೀಯ ಯುವಕರಿಗಾಗಿ ಒಂದು ಯೋಜನೆ ಆರಂಭಿಸಿದ್ದವು. ಆದರೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರಬಹುದಾದದ್ದು ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಅನುಭವ. ಸೀಟು ಸಿಕ್ಕಿ, ಬರುತ್ತೇನೆಂದು ಒಪ್ಪಿಕೊಂಡ ಹುಡುಗರು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಕಾಣೆಯಾಗುವುದನ್ನು ಇಲ್ಲಿಯವರು ‘ಬೇಸಿಗೆಯ ಕರಗುವಿಕೆ’ ಎಂಬರ್ಥದ ಮಾತಿನಲ್ಲಿ ಹೇಳುತ್ತಾರೆ. ಕಾರಣ ವಿಚಾರಿಸಿದರೆ ಓದಿನ ಮೇಲಿನ ಬೇಸರವಲ್ಲ: ತುಂಬಬೇಕಾದ ಒಂದು ನಮೂನೆ, ಕಳಿಸಬೇಕಾದ ಒಂದು ಲಸಿಕೆ ಪತ್ರ, ಅರ್ಥವಾಗದ ಒಂದು ಇಮೇಲು. 2016ರಲ್ಲಿ ಈ ವಿಶ್ವವಿದ್ಯಾಲಯವು ಮೊಬೈಲ್ ಸಂದೇಶಗಳ ಮೂಲಕ ಹಗಲಿರುಳೂ ಉತ್ತರಿಸುವ ವ್ಯವಸ್ಥೆ ಮಾಡಿತು. ಆ ಒಂದೇ ಬೇಸಿಗೆಯಲ್ಲಿ ಹೀಗೆ ಕರಗುವವರ ಸಂಖ್ಯೆ ಸುಮಾರು ಶೇ 21ರಷ್ಟು ತಗ್ಗಿತು. ನಡುರಾತ್ರಿ ಯಂತ್ರವನ್ನು ಕೇಳುವಾಗ ಹುಡುಗನಿಗೆ ನಾಚಿಕೆಯಿರುವುದಿಲ್ಲ ಎಂಬುದೂ ಇದರ ಗುಟ್ಟಿರಬಹುದು.

ಇನ್ನೊಂದು, 2011ರಲ್ಲಿ ಆರಂಭವಾದ ಸಣ್ಣ ನೆರವು. ಶುಲ್ಕದಲ್ಲಿ ಕೆಲವು ನೂರು ಡಾಲರ್ ಬಾಕಿಯಿದ್ದ ಮಾತ್ರಕ್ಕೆ ಹೆಸರು ತೆಗೆದುಹಾಕಲಾಗುತ್ತಿದ್ದ ವಿದ್ಯಾರ್ಥಿಗಳ ಖಾತೆಗೆ, ಅವರು ಅರ್ಜಿ ಹಾಕಲಿ ಎಂದು ಕಾಯದೆ, ವಿಶ್ವವಿದ್ಯಾಲಯವೇ ಆ ಮೊತ್ತವನ್ನು ತುಂಬತೊಡಗಿತು. ‘ಅರ್ಜಿ ಹಾಕಲಿ ಎಂದು ಕಾಯದೆ’ ಎಂಬ ಮಾತನ್ನು ದಯವಿಟ್ಟು ಗಮನಿಸಿ.

ವಿಷಯಕ್ಕೆ ತುಸು ಹೊರಗಿನದಾದರೂ ಒಂದು ಸಂಗತಿ ಹೇಳಿಬಿಡುತ್ತೇನೆ. 1867ರಲ್ಲಿ ಇದೇ ರಾಜ್ಯದ ಆಗಸ್ಟಾದಲ್ಲಿ ಸ್ಥಾಪನೆಯಾಗಿ ಆಮೇಲೆ ಈ ಊರಿಗೆ ಬಂದ ಮೋರ್‌ಹೌಸ್ ಎಂಬ ಕಪ್ಪುವರ್ಣೀಯ ಪುರುಷರ ಕಾಲೇಜಿದೆ. ಮಾರ್ಟಿನ್ ಲೂಥರ್ ಕಿಂಗ್ 1944ರಲ್ಲಿ ತಮ್ಮ 15ನೆಯ ವಯಸ್ಸಿನಲ್ಲಿ ಸೇರಿದ್ದು ಅಲ್ಲಿಗೆ. ಆಗ ಅದರ ಅಧ್ಯಕ್ಷರಾಗಿದ್ದ ಬೆಂಜಮಿನ್ ಮೇಸ್ ಅದಕ್ಕೂ ಮೊದಲು, 1937ರ ಆರಂಭದಲ್ಲಿ, ವೈಎಂಸಿಎ ವಿಶ್ವ ಸಮ್ಮೇಳನಕ್ಕೆಂದು ನಮ್ಮ ಮೈಸೂರಿಗೆ ಬಂದಿದ್ದರು. ಆಗ ದಲಿತ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆದೊಯ್ದು, ದೊಡ್ಡ ಹೆಸರು ಮಾಡಿದ ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೇಸ್ ಅವರಿಗೆ ಮೊದಲು ಸಿಟ್ಟು ಬಂದಿತು. ಯೋಚಿಸಿದಾಗ ಆ ಮಾತಿನಲ್ಲಿ ತಪ್ಪೇನಿಲ್ಲವೆನಿಸಿತು. ಮುಖ್ಯೋಪಾಧ್ಯಾಯರಿಗೆ ಬೇಕಿದ್ದದ್ದು ಬಹುಶಃ ಇಷ್ಟೇ: ತಮ್ಮಂಥ ಒಬ್ಬರು ಅಷ್ಟು ಓದಿ ಎದುರಿಗೆ ನಿಂತಿರುವುದನ್ನು ಮಕ್ಕಳು ನೋಡಬೇಕು.

ಉತ್ತರ 2: ಕೊನೆಗೌಡನ ಮಗ, ಹೊಸನಗರ

ಅಪ್ಪ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವನು ನಾನು. ಹಾಗಾಗಿ ಉದ್ದವಾಗಿ ಬರೆಯುವುದನ್ನು ಮನ್ನಿಸಬೇಕು.

ಅಟ್ಲಾಂಟಾದವರು ಹೇಳಿದ ಕರಗುವಿಕೆ ನಮ್ಮಲ್ಲಿ ಬೇಸಿಗೆಯದಲ್ಲ, ಮಳೆಗಾಲದ್ದು. ಪಿಯುಸಿ ಫಲಿತಾಂಶ ಬಂದು ಪದವಿ ಪ್ರವೇಶ ನಡೆಯುವ ಹೊತ್ತಿಗೆ ಸರಿಯಾಗಿ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸ ಶುರುವಾಗುತ್ತದೆ. ಮರ ಹತ್ತಬಲ್ಲವರು ಊರೂರಿಗೆ ಬೆರಳೆಣಿಕೆಯಷ್ಟೇ ಉಳಿದಿರುವುದರಿಂದ ಹದಿನೆಂಟು ವರ್ಷದ ಹುಡುಗನ ಕೈಗೆ ದಿನಕ್ಕೆ ಸಿಗುವ ಕೂಲಿ ಅವನ ಅಪ್ಪ ಎಂದೂ ಕಂಡಿರದಷ್ಟಿರುತ್ತದೆ. ಮದ್ದಿನ ಕೆಲಸ ಮುಗಿದರೆ ಗದ್ದೆ, ಅದಾದ ಮೇಲೆ ಕೊನೆಕೊಯ್ಲು, ಸುಲಿತ. ಮೊದಲ ಸೆಮಿಸ್ಟರಿನ ಪರೀಕ್ಷೆಯೂ ಕೊಯ್ಲಿನ ಕಾಲಕ್ಕೇ ಬಂದು ಕೂರುತ್ತದೆ. ಹುಡುಗಿ ಮರ ಹತ್ತುವುದಿಲ್ಲ, ಆದ್ದರಿಂದ ಅವಳು ಕಾಲೇಜಿಗೆ ಹೋದರೆ ಆ ದಿನದ ಮನೆಯ ಗಳಿಕೆಗೆ ಕತ್ತರಿ ಬೀಳುವುದಿಲ್ಲ. ಮಗ ಹೋದರೆ ಬೀಳುತ್ತದೆ. ಹುಡುಗರಿಗೆ ಓದಿನ ಆಸೆಯಿಲ್ಲ ಎಂದು ಭಾಷಣ ಮಾಡುವವರು ಒಂದು ಜುಲೈ ತಿಂಗಳು ನಮ್ಮ ಮನೆಯ ಲೆಕ್ಕ ಬರೆದು ನೋಡಬೇಕು.

ಎರಡನೆಯದು ಕಾಗದದ ಕಾಟ. ನನ್ನ ಆಧಾರ್‌ನಲ್ಲಿದ್ದ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿತ್ತು. ಅದರಿಂದ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗಲಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಲೆದ ಮೂರು ದಿನವೂ ಕೂಲಿ ಹೋಯಿತು. ಹಾಸ್ಟೆಲ್ ಪಟ್ಟಿ ಪ್ರಕಟವಾಗುವ ವೇಳೆಗೆ ತರಗತಿಗಳು ಆರಂಭವಾಗಿ ಒಂದೂವರೆ ತಿಂಗಳಾಗಿತ್ತು. ಆ ಒಂದೂವರೆ ತಿಂಗಳು ನಮ್ಮ ಕೇರಿಯ ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ ಬಾಡಿಗೆ ಕೋಣೆಯಲ್ಲಿ ನನಗೆ ಚಾಪೆ ಹಾಸಿಕೊಡದಿದ್ದರೆ ನಾನೂ ಅಡಿಕೆ ಕೊಯ್ಯುವ ದೋಟಿ ಹಿಡಿದೇ ಇರುತ್ತಿದ್ದೆ. ಮೊದಲ ದಿನ ಕಾಲೇಜಿನ ಕಚೇರಿಯ ಕಿಟಕಿಯವರೆಗೆ ಜೊತೆಯಲ್ಲಿ ಬಂದವರೂ ಅವರೇ. ಅಪ್ಪ ಗೇಟಿನ ಹೊರಗೇ ನಿಂತಿದ್ದರು.

ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಜಿಲ್ಲೆ ನಮ್ಮದು. ಹೆಂಡದ ಬದಲು ವಸತಿ ಶಾಲೆ ಕೊಡಿ ಎಂದು ಆ ಚಳವಳಿ ಕೇಳಿದ್ದು ಸುಮ್ಮನೆ ಅಲ್ಲ. ಶಾಲೆಯ ಜೊತೆಗೆ ತಲೆಯ ಮೇಲೊಂದು ಸೂರು ಬೇಕೆಂಬುದು ಅವರಿಗೆ ಅಂದೇ ತಿಳಿದಿತ್ತು.

ಒಂದು ಮಾತನ್ನು ಮುಚ್ಚಿಡಬಾರದು. ಬಿ.ಎ. ಮುಗಿಸಿ ಮತ್ತೆ ಮರ ಹತ್ತುತ್ತಿರುವವರು ನಮ್ಮ ಕೇರಿಯಲ್ಲಿ ಇಬ್ಬರಿದ್ದಾರೆ, ಮತ್ತು ಕಿರಿಯರು ಮೊದಲು ಬೊಟ್ಟು ಮಾಡುವುದು ಅವರನ್ನೇ. ಆ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಐಟಿಐ, ಡಿಪ್ಲೊಮಾ, ನರ್ಸಿಂಗ್ ಕೂಡ ಕಾಲೇಜೇ ಎಂದು ಮೇಷ್ಟ್ರುಗಳು ಮೊದಲೇ ಹೇಳಿದರೆ ಸ್ವಲ್ಪ ಅನುಕೂಲವಾದೀತು.

ಉತ್ತರ 3: ಶಾಲಾ ಶಿಕ್ಷಕಿ, ಯಲ್ಲಾಪುರ

ಅಮೆರಿಕದವರೆಗೆ ಹೋಗದೆಯೂ ಆಫ್ರಿಕಾ ಮೂಲದ ಯುವಕರ ವಿಷಯ ಮಾತಾಡಲು ನಮ್ಮಲ್ಲಿಯೇ ಅವಕಾಶವಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಕಾಡಂಚಿನ ಸಿದ್ದಿ ಸಮುದಾಯದ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ. ಅನೇಕರ ಮನೆಮಾತು ಕೊಂಕಣಿಯ ಒಂದು ರೂಪ. ಶಾಲೆಯ ಕನ್ನಡವೇ ಅವರಿಗೆ ಮೊದಲ ಏರು. ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ, ಅಂದರೆ ಹಾಸ್ಟೆಲು, ವಿದ್ಯಾರ್ಥಿವೇತನ, ಮೀಸಲಾತಿಗಳ ಬಲದಿಂದ ಓದಿದ ತಲೆಮಾರು ಈಗಷ್ಟೇ ಕಣ್ಣಿಗೆ ಬೀಳುತ್ತಿದೆ.

ನನ್ನನ್ನು ಕಾಡುವುದು ಬೇರೆ ಸಂಗತಿ. ಸಿದ್ದಿ ಹುಡುಗನನ್ನು ಕಂಡೊಡನೆ ಜನರ ಬಾಯಲ್ಲಿ ಬರುವ ಮಾತು ಅವನ ಮೈಕಟ್ಟಿನದು. 1987ರಲ್ಲಿ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆಯ್ದು ಓಟಗಾರರನ್ನಾಗಿ ತಯಾರು ಮಾಡಲಾಯಿತು; ಕೆಲವರು ಪದಕಗಳನ್ನೂ ತಂದರು. 1993ರಲ್ಲಿ ಅದು ನಿಂತುಹೋದಾಗ ಹಲವರು ಮರಳಿ ಕೂಲಿಗೆ ಬಂದರು. ಕ್ರೀಡೆಯನ್ನು ನಾನು ಹಳಿಯುತ್ತಿಲ್ಲ. ಆದರೆ ಕಪ್ಪು ಹುಡುಗನಿಗೆ ಓಟದ ಅಂಕಣವನ್ನು ತೋರಿಸಿದಷ್ಟು ಸಲೀಸಾಗಿ ಗ್ರಂಥಾಲಯವನ್ನು ತೋರಿಸದ ಅಭ್ಯಾಸ ಅಮೆರಿಕದಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಸಮುದಾಯದ ಮೊದಲ ಪದವೀಧರರೆಂದು ಹೆಸರಾದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಸುದ್ದಿಯನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಆ ಪತ್ರಿಕೆಯ ಪುಟವನ್ನು ಕೇಳಿ ಮನೆಗೆ ಒಯ್ದ.

ತರಗತಿಯಲ್ಲಿ ತಮ್ಮವರನ್ನೇ ಶಿಕ್ಷಕರಾಗಿ ಕಾಣುವುದರ ಪರಿಣಾಮಕ್ಕೆ ಅಲ್ಲಿ ಅಂಕಿಅಂಶವೂ ಇದೆ. ಉತ್ತರ ಕೆರೊಲಿನಾದ ಮಕ್ಕಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೂರರಿಂದ ಐದನೆಯ ತರಗತಿಯೊಳಗೆ ಒಬ್ಬರಾದರೂ ಕಪ್ಪುವರ್ಣೀಯ ಶಿಕ್ಷಕರು ಸಿಕ್ಕಿದ್ದ ಕಡುಬಡ ಕಪ್ಪುವರ್ಣೀಯ ಹುಡುಗರಲ್ಲಿ ಪ್ರೌಢಶಾಲೆ ಬಿಡುವ ಸಾಧ್ಯತೆ ಶೇ 39ರಷ್ಟು ಕಡಿಮೆಯಾಗಿತ್ತು. ದಕ್ಷಿಣ ಕೆರೊಲಿನಾದಲ್ಲಿ 2000ದ ಹೊತ್ತಿಗೆ ಕಪ್ಪುವರ್ಣೀಯ ಯುವಕರನ್ನು ಪ್ರಾಥಮಿಕ ಶಿಕ್ಷಕರನ್ನಾಗಿ ತರಬೇತುಗೊಳಿಸುವ ಯೋಜನೆ ಆರಂಭವಾಯಿತು. ಮೇಷ್ಟ್ರು ಪದವಿಯ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಾರೆ. ಎಣಿಕೆ ನಾಲ್ಕನೆಯ ತರಗತಿಯಿಂದಲೇ ಶುರುವಾಗಬೇಕು.

ಉತ್ತರ 4: ಓದುಗ, ಶಿವಮೊಗ್ಗ

ಹುಡುಗಿಯರು ಈಗಷ್ಟೇ ಹೊಸಿಲು ದಾಟಿದ್ದಾರೆ. ಅಷ್ಟರಲ್ಲೇ ಹುಡುಗರಿಗಾಗಿ ಇಷ್ಟು ಕಳವಳವೇ? ಹುಡುಗಿಯರಿಗೆ ಸಿಗಬೇಕಾದದ್ದನ್ನು ಕಿತ್ತುಕೊಂಡಂತಾಗುವುದಿಲ್ಲವೇ?

ಇತಿಹಾಸದ ಮೇಷ್ಟ್ರು, ಸಾಗರ ಸೀಮೆ

ಶಿವಮೊಗ್ಗದವರ ಆಕ್ಷೇಪ ಸರಿಯಾದದ್ದೇ. ಹುಡುಗಿಯರಿಂದ ಏನನ್ನೂ ತೆಗೆಯುವ ಮಾತು ಇಲ್ಲಿಲ್ಲ. ಅಣ್ಣ ಮರದ ಮೇಲಿರುವುದರಿಂದಲೇ ತಂಗಿಯ ಓದು ನಡೆಯುತ್ತಿರುವ ಮನೆಗಳೂ ಇವೆ, ಮತ್ತು ಅಣ್ಣ ಒಮ್ಮೆ ಕಾಲು ಜಾರಿ ಬಿದ್ದರೆ ಅವಳ ಓದೂ ಅಂದಿಗೇ ನಿಲ್ಲುತ್ತದೆ.

ಯಲ್ಲಾಪುರದ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಾಲ್ಕನೆಯ ತರಗತಿ ನನ್ನ ಕೈಯಲ್ಲಿಲ್ಲ. ಏಳು ಜನರ ಫೋನ್ ನಂಬರು ಕೈಯಲ್ಲಿತ್ತು, ಅವರೇ ಕರೆ ಮಾಡಲಿ ಎಂದು ಕಾಯದೆ ನಿನ್ನೆ ಸಂಜೆ ನಾನೇ ಮಾಡಿದೆ. ಇಬ್ಬರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದಾರೆ. ಒಬ್ಬನ ಫೋನು ಬಂದ್ ಆಗಿದೆ. ಒಬ್ಬ ಐಟಿಐ ಸೇರಿದ್ದಾನೆಂದು ಅವನ ತಾಯಿ ಹೇಳಿದರು. ಅವನನ್ನು ನಾನು ಬಾರದವರ ಲೆಕ್ಕಕ್ಕೆ ಹಾಕಿದ್ದು ನನ್ನದೇ ತಪ್ಪು. ಉಳಿದ ಮೂವರು ಮದ್ದಿನ ಕೆಲಸದಲ್ಲಿದ್ದಾರೆ. ಅವರಲ್ಲಿ ಇಬ್ಬರು, ಮಳೆ ಹಿಡಿದುಕೊಂಡು ಕೆಲಸ ನಿಂತ ದಿನ ಬರುತ್ತೇವೆ ಎಂದಿದ್ದಾರೆ. ಆ ದಿನ ನಾನು ರಜೆ ಹಾಕಿ ಕಾಲೇಜಿನ ಕಿಟಕಿಯವರೆಗೆ ಅವರ ಜೊತೆಯಲ್ಲಿ ಹೋಗುತ್ತೇನೆ, ಅವರ ತಂದೆಯಂದಿರನ್ನೂ ಗೇಟಿನೊಳಕ್ಕೆ ಕರೆದುಕೊಂಡು.

ಹೊಸನಗರದವರಲ್ಲಿ ಒಂದು ಕೇಳಿಕೆ: ಇಬ್ಬರಲ್ಲಿ ಒಬ್ಬನ ಆಧಾರ್‌ನಲ್ಲಿಯೂ ನೀವು ಹೇಳಿದ ಇನಿಷಿಯಲ್ ತೊಂದರೆಯೇ ಇದೆ. ನೀವು ಕೊನೆಗೆ ತಿದ್ದಿಸಿದ್ದು ಆಧಾರ್ ಅನ್ನೋ, ಅಂಕಪಟ್ಟಿಯನ್ನೋ? ಎಷ್ಟು ದಿನ ಹಿಡಿಯಿತು?