ಜೆಂಟಾಮೈಸಿನ್ ಕೊಟ್ಟ ಮರಿಗಳಲ್ಲಿ ಇಡಿಯು ಚುಕ್ಕಿ ಒಂದೂ ಇಲ್ಲ, ಸಾಕಾಗಿದೆ

ಕಿವಿಮರಿ: ಮೂರನೇ ಸಲ ಮಾಡುತ್ತಿದ್ದೇನೆ, ಮೂರು ಸಲವೂ ಸೊನ್ನೆ. ಒಳಕಿವಿಯ ಹೇರ್ ಸೆಲ್ (ಸಂವೇದನಾ ಕೋಶ) ಸತ್ತ ಮೇಲೆ ಹೊಸವು ಹುಟ್ಟುತ್ತವೆಯೇ ಅಂತ ನೋಡುವ ಪ್ರಯೋಗ. ಕೋಳಿಮರಿಗೆ ಅವನ್ನು ಕೊಲ್ಲುವ ಆಂಟಿಬಯಾಟಿಕ್ ಜೆಂಟಾಮೈಸಿನ್ ಒಂದೇ ಡೋಸ್, ಕಿಲೋಗೆ 300 ಮಿ.ಗ್ರಾಂ. 3 ಮತ್ತು 4ನೇ ದಿನ ಇಡಿಯು (ವಿಭಜನೆ ಆಗುವ ಕೋಶದ ಡಿಎನ್ಎಗೆ ಸೇರುವ ಗುರುತು) ಚುಚ್ಚಿ, 5ನೇ ದಿನ ಬೇಸಿಲಾರ್ ಪ್ಯಾಪಿಲಾ (ಹಕ್ಕಿಯ ಕಿವಿಯಲ್ಲಿ ಸದ್ದು ಗ್ರಹಿಸುವ ಪಟ್ಟಿ) ತೆಗೆದು ಕ್ಲಿಕ್ ರಿಯಾಕ್ಷನ್ (ಇಡಿಯುಗೆ ಹೊಳೆಯುವ ಬಣ್ಣ ಅಂಟಿಸುವುದು), ಆಮೇಲೆ ಹೇರ್ ಸೆಲ್ ತೋರಿಸುವ ಬಣ್ಣ ಫಲಾಯ್ಡಿನ್. ಹೇರ್ ಸೆಲ್‌ಗಳು ಜೇನುಗೂಡಿನ ಹಾಗೆ ಚೆನ್ನಾಗಿ ಕಾಣುತ್ತವೆ, ಇಡಿಯು ಚಾನೆಲ್ ಮಾತ್ರ ಕಗ್ಗತ್ತಲು. ಸೋಮವಾರ ಗೈಡ್‌ಗೆ ಏನು ತೋರಿಸಲಿ?

ತಾಮ್ರದಕೊಡ: ಕ್ಲಿಕ್ ರಿಯಾಕ್ಷನ್‌ಗೆ ಹಾಕುವ ಆಸ್ಕಾರ್ಬೇಟ್ ಹಳೆಯದು. ಬಣ್ಣ ತಿರುಗಿದ್ದರೆ ಚೆಲ್ಲಿಬಿಡಿ. ನಮ್ಮಲ್ಲಿ ಇದರಿಂದಲೇ ಆರು ವಾರ ಹಾಳಾಯಿತು.

ಕಿವಿಮರಿ: ಅವತ್ತೇ ಕಲಸಿದ್ದು ಸರ್.

ತಾಮ್ರದಕೊಡ: ಪುಡಿ ಯಾವ ಕಾಲದ್ದು? ಡಬ್ಬಿ ತೆರೆದ ತಾರೀಖು ಬರೆದಿದ್ದೀರಾ?

ಲಜೀನಾಅಕ್ಕ: ಅದೇ ಮರಿಯ ಯುಟ್ರಿಕಲ್‌ಗೂ (ಒಳಕಿವಿಯ ಸಮತೋಲನದ ಅಂಗ) ಬಣ್ಣ ಹಾಕಿದ್ದೀಯಾ? ಹಕ್ಕಿಗಳ ಯುಟ್ರಿಕಲ್‌ನಲ್ಲಿ ಔಷಧಿ ಕೊಡದಿದ್ದರೂ ಹೊಸ ಹೇರ್ ಸೆಲ್ ಹುಟ್ಟುತ್ತಲೇ ಇರುತ್ತವೆ. 1988ರಿಂದ ಗೊತ್ತಿರುವ ವಿಷಯ.

ಕಿವಿಮರಿ: ಹಾಕಿದ್ದೆ ಅಕ್ಕ, ಅದರ ತುಂಬ ಚುಕ್ಕಿ ಇದೆ. ಹೇಳುವುದು ಮರೆತೆ.

ಲಜೀನಾಅಕ್ಕ: ಇದನ್ನೇ ಮರೆತೆಯಾ! ಹಾಗಾದರೆ ಆಸ್ಕಾರ್ಬೇಟ್ ಸರಿ ಇದೆ.

ತಾಮ್ರದಕೊಡ: ಅದು ಹೇಗೆ ಹೇಳುತ್ತೀರಿ ಮೇಡಂ? ಅಲ್ಪಸ್ವಲ್ಪ ಕೆಲಸ ಮಾಡಿರಬಹುದು. ಮತ್ತೆ ಫಲಾಯ್ಡಿನ್ ಮೊದಲು ಹಾಕಿದರೆ ಕ್ಲಿಕ್ ರಿಯಾಕ್ಷನ್‌ನ ತಾಮ್ರ ಅದನ್ನು ಕೆಡಿಸುತ್ತೆ.

ಕಿವಿಮರಿ: ಆಮೇಲೆ ಹಾಕಿದೆ ಅಂತ ಮೊದಲೇ ಬರೆದಿದ್ದೇನೆ ಸರ್.

ಎಣ್ಣೆಲೆನ್ಸ್: ಯಾವ ಲೆನ್ಸ್ ಗುರು? ನಮಗೆ ಹೋದ ತಿಂಗಳು ಹೊಸ 60ಎಕ್ಸ್ ಬಂತು, ಸ್ಟೀರಿಯೋಸಿಲಿಯಾ (ಹೇರ್ ಸೆಲ್ ಮೇಲಿನ ಕೂದಲಂಥ ಎಳೆ) ಒಂದೊಂದಾಗಿ ಎಣಿಸಬಹುದು. ಫೋಟೋ ಹಾಕಲಾ?

ತಾಮ್ರದಕೊಡ: ಹಾಕಿ ಹಾಕಿ.

ಲಜೀನಾಅಕ್ಕ: ನ್ಯೂಕ್ಲಿಯಸ್ ನೋಡೋಕೆ 20ಎಕ್ಸ್ ಸಾಕು. ಮರಿ, ನನಗೆ ಬೇರೆ ಅನುಮಾನ. 300 ಕೊಟ್ಟ ಮೇಲೂ ಹೇರ್ ಸೆಲ್ ಯಾಕೆ ಚೆನ್ನಾಗಿರಬೇಕು? ಸತ್ತಿರಬೇಕಲ್ವಾ? ಯಾವ ತುದಿ ನೋಡಿದೆ?

ಕಿವಿಮರಿ: ಅಗಲದ ತುದಿ. ಓವಲ್ ವಿಂಡೋ ಕಡೆಯ ಸಣ್ಣ ತುದಿ ತೆಗೆಯುವಾಗ ಪ್ರತಿ ಸಲ ಹರಿಯುತ್ತೆ, ಅದಕ್ಕೇ ಉಳಿದದ್ದನ್ನು ಮೌಂಟ್ ಮಾಡಿದೆ.

ಲಜೀನಾಅಕ್ಕ: ಅಯ್ಯೋ ದೇವರೇ. ಜೆಂಟಾಮೈಸಿನ್ ತಿನ್ನುತ್ತಾ ಬರುವುದೇ ಆ ಸಣ್ಣ ತುದಿಯಿಂದ, ಕೀಚಲು ಸದ್ದು ಕೇಳುವ ಜಾಗದಿಂದ. ಹೇರ್ ಸೆಲ್ ಸತ್ತ ಕಡೆ ಪಕ್ಕದ ಸಪೋರ್ಟಿಂಗ್ ಸೆಲ್‌ಗಳು ಎಚ್ಚೆತ್ತು ವಿಭಜನೆ ಆಗುತ್ತವೆ, ಅದೂ 3ನೇ ದಿನದ ಸುಮಾರಿಗೆ. ಏನೂ ಆಗದ ಜಾಗದಲ್ಲಿ ಅವು ಸುಮ್ನೆ ಮಲಗಿರುತ್ತವೆ. ಇನ್ನೊಂದು, ಕೆಲವು ಸಪೋರ್ಟಿಂಗ್ ಸೆಲ್ ವಿಭಜನೆ ಆಗದೆ ನೇರವಾಗಿ ಹೇರ್ ಸೆಲ್ ಆಗಿಬಿಡುತ್ತವೆ, ಅವಕ್ಕೆ ಇಡಿಯು ಹತ್ತುವುದಿಲ್ಲ. ಹರಿದ ತುಂಡು ಎಸೆದೆಯಾ?

ಕಿವಿಮರಿ: ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ಹಾಕಿ ಫ್ರಿಜ್‌ನಲ್ಲಿಟ್ಟ ನೆನಪು. ನೋಡುತ್ತೇನೆ.

ಎಣ್ಣೆಲೆನ್ಸ್: ಫೋಟೋ ಹಾಕಿದ್ದೇನೆ, ಮೂರನೆಯದು ನೋಡಿ.

ಕಿವಿಮರಿ: ಸಿಕ್ಕಿತು ಅಕ್ಕ. ಒಂದು ಕಡೆ ಮುದುಡಿದೆ, ಹೇರ್ ಸೆಲ್ ಇರಬೇಕಾದಲ್ಲಿ ಬೋಳು. ಅಂಚಿನಲ್ಲಿ ಚುಕ್ಕಿ ಇವೆ, 11 ಎಣಿಸಿದೆ, ಎರಡೆರಡು ಜೋಡಿಯಾಗಿ ಕೂತಿವೆ.

ಲಜೀನಾಅಕ್ಕ: ಈಗಷ್ಟೇ ವಿಭಜನೆ ಆದವು ಇರಬೇಕು. ಮುಂದಿನ ಸಲ ಮೊದಲು ಫಿಕ್ಸ್ ಮಾಡು (ರಾಸಾಯನಿಕದಲ್ಲಿ ಅಂಗಾಂಶ ಗಟ್ಟಿ ಮಾಡು), ಆಮೇಲೆ ಬಿಡಿಸು. ಆ ಕಡೆ ಮೂಳೆ ಸ್ವಲ್ಪ ಜಾಸ್ತಿಯೇ ಉಳಿಸಿಕೊಂಡು ಕತ್ತರಿಸು.

ತಾಮ್ರದಕೊಡ: ಆಸ್ಕಾರ್ಬೇಟ್ ಮಾತ್ರ ಹೊಸ ಡಬ್ಬಿ ತರಿಸಿ.