ರೆಕ್ಕೆಯಿಲ್ಲದ ಇಯರ್‌ವಿಗ್: ಚಿಕ್ಕವು ಮರಿಗಳೋ, ಬೇರೆ ಪ್ರಭೇದವೋ?

ಪ್ರಶ್ನೆ:
ಕಡಲ ದಂಡೆಯಲ್ಲಿ ಮರದ ದಿಮ್ಮಿಗಳ ಅಡಿಯಿಂದ ತಂದ ಕಪ್ಪುಗಂದು ಬಣ್ಣದ, ರೆಕ್ಕೆಯಿಲ್ಲದ ಇಯರ್‌ವಿಗ್‌ಗಳನ್ನು (ಬಾಲದಲ್ಲಿ ಇಕ್ಕಳವಿರುವ ಕೀಟಗಳನ್ನು) ಒದ್ದೆ ಮರಳು ತುಂಬಿದ ಡಬ್ಬಿಯಲ್ಲಿ ಸಾಕುತ್ತಿದ್ದೇನೆ. ಕೆಲವು ಸುಮಾರು 25 ಮಿ.ಮೀ. ಉದ್ದವಿವೆ, ಉಳಿದವು 12 ಮಿ.ಮೀ. ದಾಟಿಲ್ಲ. ದೊಡ್ಡವನ್ನು ಅನಿಸೊಲಾಬಿಸ್ ಮರಿಟಿಮಾ ಎಂದು ಗುರುತಿಸಿದ್ದೇನೆ. ಚಿಕ್ಕವು ಅದರದೇ ಮರಿಗಳೋ, ಯೂಬೊರೆಲಿಯ ಆನ್ಯುಲಿಪೆಸ್ ಪ್ರಭೇದದ ಬೆಳೆದ ಕೀಟಗಳೋ ತಿಳಿಯುತ್ತಿಲ್ಲ.

ಉತ್ತರ:
ಎರಡೂ ಒಂದೇ ಕುಟುಂಬಕ್ಕೆ ಸೇರಿದವು, ಎರಡಕ್ಕೂ ರೆಕ್ಕೆಯಿಲ್ಲ; ಆದ್ದರಿಂದ ಈ ಗೊಂದಲ ಸಹಜವಾದದ್ದು. ಮೊದಲು ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಆನ್ಯುಲಿಪೆಸ್‌ನ ಮಾಸಲು ಹಳದಿ ಕಾಲುಗಳ ಮೇಲೆ ಕಪ್ಪು ಬಳೆ ತೊಡಿಸಿದಂತೆ ಪಟ್ಟಿಗಳಿರುತ್ತವೆ, ಮೀಸೆಯ ತುದಿಯ ಹತ್ತಿರದ ಕೆಲವು ಖಂಡಗಳು ಬಿಳಿಚಿಕೊಂಡಿರುತ್ತವೆ. ಮರಿಟಿಮಾದ ಕಾಲುಗಳಲ್ಲಿ ಪಟ್ಟಿಗಳಿಲ್ಲ.

ಆದರೆ ಬಣ್ಣವೊಂದನ್ನೇ ನಂಬುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗಷ್ಟೇ ಪೊರೆ ಕಳಚಿದ ಕೀಟ ಯಾವ ಪ್ರಭೇದದ್ದಾದರೂ ಬೆಳ್ಳಗಿರುತ್ತದೆ. ಹೊಟ್ಟೆಯ ಮೇಲ್ಭಾಗದ ಖಂಡಗಳನ್ನು ಎಣಿಸುವುದು ಹೆಚ್ಚು ಭರವಸೆಯ ದಾರಿ. ಬೆಳೆದ ಹೆಣ್ಣಿನಲ್ಲಿ 8 ಖಂಡಗಳು ಕಾಣುತ್ತವೆ, ಗಂಡಿನಲ್ಲಿ 10. ಮರಿಗಳಲ್ಲಿ ಗಂಡು ಹೆಣ್ಣೆನ್ನದೆ 10 ಕಾಣುತ್ತವೆ. ಬಾಲದ ಇಕ್ಕಳವು ಹೆಣ್ಣಿನಲ್ಲೂ ಮರಿಯಲ್ಲೂ ಹೆಚ್ಚುಕಡಿಮೆ ನೇರವಾಗಿದ್ದು, ಬೆಳೆದ ಗಂಡಿನಲ್ಲಿ ಬಾಗಿರುತ್ತದೆ ಮತ್ತು ಎಡಬಲಗಳು ಒಂದೇ ಸಮವಿರುವುದಿಲ್ಲ. ಹೀಗಾಗಿ ನೇರ ಇಕ್ಕಳದೊಂದಿಗೆ 10 ಖಂಡಗಳಿದ್ದರೆ ಅದು ಮರಿ. ನೇರ ಇಕ್ಕಳದೊಂದಿಗೆ 8 ಇದ್ದರೆ ಬೆಳೆದ ಹೆಣ್ಣು. ಬೆಳೆದ ಮರಿಟಿಮಾ ಸಾಮಾನ್ಯವಾಗಿ 20 ಮಿ.ಮೀ.ಗಿಂತ ಚಿಕ್ಕದಿರುವುದಿಲ್ಲವಾದ್ದರಿಂದ, 12 ಮಿ.ಮೀ. ಉದ್ದದ ಬೆಳೆದ ಹೆಣ್ಣು ಆ ಪ್ರಭೇದದ್ದಾಗಿರಲಾರದು.

ಮರುಪ್ರಶ್ನೆ:
ಧನ್ಯವಾದಗಳು. ಚಿಕ್ಕವುಗಳ ಪೈಕಿ ಎರಡರಲ್ಲಿ 10 ಖಂಡಗಳೂ ನೇರ ಇಕ್ಕಳವೂ ಇವೆ, ಕಾಲಿನಲ್ಲಿ ಪಟ್ಟಿಗಳಿಲ್ಲ. ಇನ್ನೊಂದು ಮರಳಿನ ಗುಳಿಯಲ್ಲಿ ಮೊಟ್ಟೆಗಳ ಮೇಲೆ ಕುಳಿತಿರುವುದರಿಂದ ಅದರ ಖಂಡಗಳನ್ನು ಎಣಿಸಲಾಗಲಿಲ್ಲ. ಕಾಲಿನ ಪಟ್ಟಿಗಳು ಮಾತ್ರ ಕಂಡವು. ಅದನ್ನು ಹೊರತೆಗೆದು ನೋಡಬಹುದೇ?

ಉತ್ತರ:
ದಯವಿಟ್ಟು ತೆಗೆಯಬೇಡಿ. ಮೊಟ್ಟೆ ಕಾಯುತ್ತಿರುವುದು ಬೆಳೆದ ಹೆಣ್ಣೇ ಆದ್ದರಿಂದ, ಆ ಗಾತ್ರಕ್ಕೂ ಪಟ್ಟಿಗಳಿಗೂ ಒಪ್ಪುವ ಹೆಸರು ಆನ್ಯುಲಿಪೆಸ್. ಎಣಿಕೆಯ ಅಗತ್ಯವೇ ಉಳಿದಿಲ್ಲ. ಬೇರೆ ಎರಡು ಮರಿಟಿಮಾದ ಮರಿಗಳಾಗಿರುವ ಸಾಧ್ಯತೆಯೇ ಹೆಚ್ಚು. ತಾಯಿಯು ಮೊಟ್ಟೆಗಳನ್ನು ನೆಕ್ಕಿ, ಹೊರಳಿಸಿ ಬೂಸ್ಟು ಹತ್ತದಂತೆ ನೋಡಿಕೊಳ್ಳುತ್ತದೆ. ತೊಂದರೆಯಾದರೆ ತಾನೇ ಅವನ್ನು ತಿಂದುಬಿಡಬಹುದು. ಗುಳಿಯನ್ನು ಮುಟ್ಟದೆ ಉಳಿದವನ್ನೆಲ್ಲ ಬೇರೆ ಡಬ್ಬಿಗೆ ಸಾಗಿಸಿ, ಮರಿಟಿಮಾದ ದೊಡ್ಡವನ್ನೂ ಮರಿಗಳನ್ನೂ ಪ್ರತ್ಯೇಕವಾಗಿಡಿ, ಏಕೆಂದರೆ ದೊಡ್ಡವು ಚಿಕ್ಕವನ್ನು ಬೇಟೆಯಾಡುತ್ತವೆ.