ಪ್ರಶ್ನೋತ್ತರ: ಮೊದಲ ಸಲ ನಾಯಿ ಸಾಕುವವರು ಯಾವ ಜಾತಿ ತರಬೇಕು?

ಗುಂಪಿನ ನಿರ್ವಾಹಕರು: ಇವತ್ತು ಸಂಜೆ 6ರಿಂದ ಪಶುವೈದ್ಯರೊಬ್ಬರು ನಮ್ಮ ಜೊತೆ ಇರುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆ ದನ, ನಾಯಿ ಎರಡನ್ನೂ ನೋಡುವವರು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮದ್ದು ಹಾಕಬೇಡಿ.

ವಿನೋಬನಗರ, ಶಿವಮೊಗ್ಗ: ನಮಸ್ತೆ ಡಾಕ್ಟ್ರೇ. 30/40 ಸೈಟಿನ ಮನೆ. ಮಗನಿಗೆ ಹಸ್ಕಿ ಬೇಕಂತೆ. ತರಬಹುದಾ?

ಡಾಕ್ಟರ್: ನಮಸ್ತೆ. ಬೇಡ. ಹಿಮದಲ್ಲಿ ಗಾಡಿ ಎಳೆಯುವ ನಾಯಿ ಅದು, ಮೈಮೇಲೆ ಎರಡು ಪದರ ಕೂದಲು. ಶಿವಮೊಗ್ಗದ ಏಪ್ರಿಲ್ ಬಿಸಿಲಿಗೆ ಇಡೀ ದಿನ ಬಚ್ಚಲಿನ ನೆಲಕ್ಕೆ ಹೊಟ್ಟೆ ಹಚ್ಚಿ ಏದುಸಿರು ಬಿಡುತ್ತಾ ಮಲಗುತ್ತೆ. ಮಗನಿಗೆ ಎಷ್ಟು ವಯಸ್ಸು? ಬೆಳಿಗ್ಗೆ ನಾಯಿ ಕರ್ಕೊಂಡು ಹೋಗುವವರು ಯಾರು? ಅದನ್ನು ಹೇಳಿ, ಆಮೇಲೆ ಜಾತಿ ಮಾತಾಡೋಣ.

ಭದ್ರಾವತಿ: ಪಗ್ ಮರಿ ರೇಟ್ ಎಷ್ಟಿದೆ?

ಸಾಗರ: ಒಂದು ಎಕರೆ ಜಾಗ ಇದೆ, ಸುತ್ತ ಬೇಲಿ ಇಲ್ಲ. ಹಿಂದೆಯೇ ಕಾಡು. ನಮ್ಮದೇ ರಾಜ್ಯದ ಮುಧೋಳ ಸಾಕಬೇಕು ಅಂತ ಆಸೆ. ಇದೇ ಮೊದಲ ನಾಯಿ.

ಡಾಕ್ಟರ್: ಒಳ್ಳೆಯ ಆಸೆ. ಮುಧೋಳ ನಮ್ಮ ಹೆಮ್ಮೆಯ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿಯನ್ನೇ ತಂದಿತ್ತು. ಮರಿ ಬೇಕಾದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಆದರೆ ನಿಮ್ಮ ಜಾಗಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಅದು ಬಯಲು ಸೀಮೆಯಲ್ಲಿ ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವ ಬೇಟೆ ನಾಯಿ. ಕಾಡಂಚಿನಲ್ಲಿ ಮೊಲವೋ ಬರ್ಕವೋ ಕಣ್ಣಿಗೆ ಬಿದ್ದರೆ ನಿಮ್ಮ ಕೂಗು ಅದಕ್ಕೆ ಕೇಳುವುದೇ ಇಲ್ಲ. ಕಾಡಿನ ಪ್ರಾಣಿ ಕೊಂದರೆ ಅರಣ್ಯ ಇಲಾಖೆಯವರು ನಿಮ್ಮ ಮನೆಗೇ ಬರುತ್ತಾರೆ. ಓಡದ ಹಾಗೆ ಕಟ್ಟಿ ಹಾಕಿದರೆ ಕೊರಗುತ್ತೆ. ತೆಳು ಚರ್ಮ, ಮೈಯಲ್ಲಿ ಕೊಬ್ಬಿಲ್ಲ, ಜಡಿಮಳೆಯಲ್ಲಿ ನಡುಗುತ್ತೆ. ಮೊದಲು ಬೇಲಿ ಹಾಕಿಸಿ, ಆಮೇಲೆ ಕೇಳಿ.

ತೋಟದ ಮನೆ ಮಗಳು: ಡಾಕ್ಟ್ರೇ, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ತೀರ್ಥಹಳ್ಳಿ ತಾಲ್ಲೂಕು. ತೋಟದ ಮನೆಯಲ್ಲಿ ಅಪ್ಪ (71), ಅಮ್ಮ (66) ಇಬ್ಬರೇ. ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ. ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್. ಹೋದ ವರ್ಷ ಅಂಗಳದಿಂದ ಎರಡು ಚೀಲ ಅಡಿಕೆ ಕಳುವಾಯ್ತು. ಅಪ್ಪ ಸಾಕಿದ್ದ ನಾಯಿಯನ್ನು ಮೂರು ವರ್ಷದ ಹಿಂದೆ ಚಿರತೆ ಹೊತ್ತುಕೊಂಡು ಹೋಯ್ತು. ನಾನಾಗಿ ನಾಯಿ ಕೊಳ್ಳುತ್ತಿರುವುದು ಇದೇ ಮೊದಲು. ಗಂಡು ಜರ್ಮನ್ ಶೆಫರ್ಡ್ ಮರಿ, 35 ದಿನದ್ದು, 18,000 ರೂಪಾಯಿ. 5,000 ಅಡ್ವಾನ್ಸ್ ಕೊಟ್ಟಿದ್ದೇನೆ. "ಡಬಲ್ ಬೋನ್" ಅಂದಿದ್ದಾರೆ. ಒಳ್ಳೆ ಆಯ್ಕೆ ಅಲ್ವಾ?

ಡಾಕ್ಟರ್: ಅಮ್ಮಾ, ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ. ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ಇದು ನನಗೆ ಹೆದರಿಕೆ ಹುಟ್ಟಿಸುವ ಆಯ್ಕೆ.

ಮೊದಲು ಮರಿಯ ವಯಸ್ಸು. 35 ದಿನದ ಮರಿ ತಾಯಿ ಹತ್ತಿರ ಇರಬೇಕು. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರುವ ಹಾಗಿಲ್ಲ. ಇದು ಸುಮ್ನೆ ಕಾಗದದ ಮಾತಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಹತ್ತಿರ, ಅದೂ ಈ ವಾರಗಳಲ್ಲಿ. ಬೇಗ ಬಿಡಿಸಿದ ಮರಿ ಅದನ್ನು ನಿಮ್ಮ ಅಮ್ಮನ ಕೈ ಮೇಲೆ ಕಲಿಯುತ್ತೆ. ಲಸಿಕೆಯೂ ಇನ್ನೂ ಆಗಿರುವುದಿಲ್ಲ. ಅದು ಶುರುವಾಗುವುದೇ 6ರಿಂದ 8 ವಾರಕ್ಕೆ. ಆಮೇಲೆ 3-4 ವಾರಕ್ಕೊಮ್ಮೆ, 16 ವಾರದವರೆಗೆ. ಈ ನಡುವೆ ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದರೆ ರಕ್ತಭೇದಿ, ವಾಂತಿ ಆಗಿ ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತೆ. ನಿಮ್ಮ ತೋಟದಿಂದ ಡ್ರಿಪ್ ಹಾಕುವ ಆಸ್ಪತ್ರೆ ಎಷ್ಟು ದೂರ? ರಾತ್ರಿ ಹೊತ್ತು ಯಾರು ಕರ್ಕೊಂಡು ಹೋಗುತ್ತಾರೆ?

"ಡಬಲ್ ಬೋನ್" ಅನ್ನುವುದು ದಪ್ಪ ಮೂಳೆಯ ಮರಿ ಅಂತ ನಂಬಿಸಲು ಮಾರುವವರು ಆಡುವ ಮಾತು. ಯಾವ ನಾಯಿಗೂ ಮೂಳೆ ಎರಡೆರಡು ಪಟ್ಟು ಇರುವುದಿಲ್ಲ.

ಇನ್ನು ಜಾತಿ. ಗಂಡು ಶೆಫರ್ಡ್ 10 ತಿಂಗಳಿಗೆ 30 ಕೆಜಿ ಹತ್ತಿರ ಬರುತ್ತೆ. ಮೈ ಬಲಿತಿರುತ್ತೆ, ಬುದ್ಧಿ ಇನ್ನೂ ಹುಡುಗಾಟದ್ದು. ದಣಪೆ (ಬೇಲಿಯ ಬಾಗಿಲು) ಹತ್ತಿರ ಯಾರೋ ಬಂದರು ಅಂತ ಒಂದು ಸಲ ಎಳೆದರೆ ಮಂಡಿ ಆಪರೇಷನ್ ಆದವರು ಅಂಗಳದ ಪಾಚಿ ಮೇಲೆ ನಿಲ್ಲುತ್ತಾರಾ? ಇಂಥ ಎಳೆತಕ್ಕೆ ಬಿದ್ದು ಸೊಂಟ ಮುರಿದುಕೊಂಡವರ ಮನೆಗೆ ಹೋಗಿ ನಾಯಿಗೆ ಇಂಜೆಕ್ಷನ್ ಕೊಟ್ಟು ಬಂದಿದ್ದೇನೆ. ಆ ಮನೆಯ ಅಜ್ಜಿ ಹಾಸಿಗೆಯಿಂದಲೇ ಅದಕ್ಕೆ ಊಟ ಆಯ್ತಾ ಅಂತ ಕೇಳುತ್ತಿದ್ದರು. ಕೆಟ್ಟ ನಾಯಿ ಅಲ್ಲ ಅದು. ಆ ಮನೆಗೆ ಹೊಂದುವ ನಾಯಿ ಅಲ್ಲ, ಅಷ್ಟೇ.

ಮಳೆಗಾಲ ನೋಡಿ. ಆರಿದ್ರಾದಿಂದ ಆಶ್ಲೇಷಾ ಮಳೆವರೆಗೆ ನಿಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ. ಶೆಫರ್ಡಿನ ಒಳಗೂದಲು ಒಣಗುತ್ತಾ? ಮೇಲೆ ಕೈಯಾಡಿಸಿದರೆ ಒಣಗಿದ ಹಾಗೆ ಇರುತ್ತೆ. ಕೂದಲು ಬಿಡಿಸಿ ಬುಡ ನೋಡಿದರೆ ಚರ್ಮ ಕೆಂಪಾಗಿ, ಜಿಗುಟಾಗಿ, ಹುಳಿ ವಾಸನೆ. ದಿನಾ ಒರೆಸಿ, ಬಾಚಿ, ಬೆಂಕಿ ಹತ್ತಿರ ಆರಿಸಬೇಕು.

ಕೊನೆಯದು ಚಿರತೆ. ಕಾವಲಿಗೆ ಅಂತ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಇಟ್ಟ ಊಟ. ಅದು ಎಷ್ಟೇ ದೊಡ್ಡ ಜಾತಿ ಇರಲಿ, ಸರಪಳಿಯಲ್ಲಿ ಇದ್ದರೆ ಓಡುವುದಕ್ಕೂ ಆಗಲ್ಲ. ಕತ್ತಲಾದ ಮೇಲೆ ನಾಯಿ ಬಾಗಿಲ ಒಳಗಿರಬೇಕು. ಒಳಗಿದ್ದು ಬೊಗಳಿದರೂ ಸಾಕು, ಕಳ್ಳ ಅಲ್ಲಿ ನಿಲ್ಲದೆ ಓಡುತ್ತಾನೆ.

ನನ್ನನ್ನು ಕೇಳಿದರೆ: ಎರಡು ವರ್ಷ ತುಂಬಿದ, ಸಂತಾನಹರಣ ಆದ, ಸ್ವಭಾವ ಗೊತ್ತಿರುವ ಊರಿನ ಹೆಣ್ಣುನಾಯಿ. 15 ಕೆಜಿ ಒಳಗೆ. ಅಪ್ಪ ಅಮ್ಮನನ್ನು ಕೇಳಿದ್ದೀರಾ? ಅವರಿಗೆ ಏನು ಬೇಕಂತೆ?

ಕೊಪ್ಪ: ಕಂತ್ರಿ ನಾಯಿ ಸಾಕೋಕೆ ಡಾಕ್ಟರ್ ಯಾಕೆ ಬೇಕು? ಅವಳು ದುಡ್ಡು ಕೊಟ್ಟು ತರ್ತಿದ್ದಾಳೆ, ಒಳ್ಳೇದು ತರಲಿ ಬಿಡಿ.

ಸೊರಬ: ಕಂತ್ರಿ ಅನ್ನಬೇಡಿ. ನಮ್ಮ ಮನೆ ನಾಯಿ 13 ವರ್ಷ ಬದುಕಿತು. ನಿಮ್ಮ ರಾಟ್‌ವೀಲರ್ ಎಷ್ಟು ವರ್ಷ ಇತ್ತು?

ಕೊಪ್ಪ: ಏಳು. ಅದಕ್ಕೂ ಇದಕ್ಕೂ ಏನು ಸಂಬಂಧ? ಯಾರೂ ನಮ್ಮ ತೋಟದ ಕಡೆ ತಲೆ ಹಾಕ್ತಿರಲಿಲ್ಲ.

ರಿಪ್ಪನ್‌ಪೇಟೆ: ರಾಟ್‌ವೀಲರ್, ಪಿಟ್‌ಬುಲ್ ಎಲ್ಲ ಬ್ಯಾನ್ ಆಗಿದೆ. ಪೊಲೀಸರು ಬರ್ತಾರೆ.

ಡಾಕ್ಟರ್: ತಪ್ಪು ಮಾಹಿತಿ. 2024ರ ಮಾರ್ಚ್‌ನಲ್ಲಿ 23 ಜಾತಿಗಳ ಮೇಲೆ ಕೇಂದ್ರದ ಸುತ್ತೋಲೆ ಬಂತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಮೊದಲ ಸಲ ಸಾಕುವವರು ಅವುಗಳ ತಂಟೆಗೆ ಹೋಗಬೇಡಿ ಅಂತ ಕೋರ್ಟು ಹೇಳಬೇಕಾಗಿಲ್ಲ, ನಾನೇ ಹೇಳುತ್ತೇನೆ.

ಶೃಂಗೇರಿ: ಲ್ಯಾಬ್ರಡಾರ್ ತರಬೇಕು ಅಂತಿದ್ದೇವೆ. ನಮ್ಮದು ಸಸ್ಯಾಹಾರಿ ಮನೆ. ಅನ್ನ, ಮೊಸರು ಸಾಕಲ್ವಾ?

ಸೊರಬ: ನಾಯಿಗೆ ಮೊಸರನ್ನವಾ? ಪಾಪ.

ಶೃಂಗೇರಿ: ನಮ್ಮ ಅಜ್ಜನ ಕಾಲದಿಂದ ಹಾಗೇ ಸಾಕಿರೋದು. ನಿಮ್ಮನ್ನು ಕೇಳಲಿಲ್ಲ.

ಕೊಪ್ಪ: ಒಂದು ಮೊಟ್ಟೆ ಹಾಕಿದರೆ ಮನೆ ಮೈಲಿಗೆ ಆಗುತ್ತಾ?

ಶೃಂಗೇರಿ: ನಮ್ಮ ಮನೆ ಅಡುಗೆಮನೆ ವಿಷಯ ನಿಮಗೆ ಯಾಕೆ? ಮಾತು ಸರಿಯಾಗಿ ಆಡಿ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಬಸವಾನಿ: ಕಪ್ಪು ನಾಯಿ ಮನೆಗೆ ಒಳ್ಳೆಯದಾ?

ವಿನೋಬನಗರ, ಶಿವಮೊಗ್ಗ: ಡಾಕ್ಟ್ರೇ, ಮಗನಿಗೆ 11 ವರ್ಷ. ಹಸ್ಕಿ ಬೇಡ ಅಂದ್ರಿ. ಹಾಗಾದರೆ ಬೀಗಲ್?

ಡಾಕ್ಟರ್: ಬೀಗಲ್ ಮೂಗಿನ ನಾಯಿ. ವಾಸನೆ ಹಿಡಿದರೆ ಗೇಟು ದಾಟಿ ಹೋಗುತ್ತೆ, ಒಂಟಿಯಾಗಿ ಬಿಟ್ಟರೆ ಊಳಿಡುತ್ತೆ. ಅದರ ಬದಲು ಸಣ್ಣ ಸ್ಪಿಟ್ಜ್ ನೋಡಿ. ನಮ್ಮವರು ಪಮೇರಿಯನ್ ಅಂತ ಕರೆಯುವ ಬಿಳಿ ನಾಯಿ. ನಮ್ಮ ಹವೆಗೆ ಒಗ್ಗಿದೆ. ಬಾಚುವ ಕೆಲಸ ಮಗನಿಗೆ ಕೊಡಿ. ಮನೆಯಲ್ಲಿ ಹಗಲು ಯಾರೂ ಇರದಿದ್ದರೆ ಅದೂ ಬೇಡ.

ಶೃಂಗೇರಿಯವರೇ, ಲ್ಯಾಬ್ ಬೇಗ ಬೆಳೆಯುವ ನಾಯಿ. ಬರೀ ಅನ್ನ ಮೊಸರಿನಲ್ಲಿ ಬೆಳೆದ ಮರಿಗಳ ಮುಂಗಾಲು ಬಾಗಿದ್ದನ್ನು ನೋಡಿದ್ದೇನೆ. ಮೊಟ್ಟೆ ಆಗದಿದ್ದರೆ ಮರಿಗಳಿಗೆ ಅಂತಲೇ ಮಾಡಿದ ಸಮತೋಲನದ ಒಣ ಆಹಾರ ಸಿಗುತ್ತೆ, ಸಸ್ಯಾಹಾರಿಯೂ ಇದೆ. ಒಂದು ವರ್ಷದವರೆಗೆ ಅದನ್ನೇ ಕೊಡಿ. ಆಮೇಲೆ ತೂಕ ಹಿಡಿತದಲ್ಲಿಡಿ, ಲ್ಯಾಬಿಗೆ ಹೊಟ್ಟೆ ತುಂಬಿತು ಅಂತ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಜೋಲು ಕಿವಿ ಎತ್ತಿ ಒಳಗೆ ಮೂಸಿ ನೋಡಿ. ವಾಸನೆ ಬಂದರೆ ಕರ್ಕೊಂಡು ಬನ್ನಿ.

ನಿಟ್ಟೂರು: ಫಾರ್ವರ್ಡ್ ಬಂದಿದ್ದು: ಉಣುಗಿಗೆ ಹೊಗೆಸೊಪ್ಪು ನೆನೆಸಿದ ನೀರಿಗೆ ಸೀಮೆಎಣ್ಣೆ ಸೇರಿಸಿ ನಾಯಿ ಮೈಗೆ ಹಚ್ಚಿ. ಒಂದೇ ದಿನಕ್ಕೆ ಮಾಯ. ಎಲ್ಲರಿಗೂ ಹಂಚಿ.

ಡಾಕ್ಟರ್: ಹಂಚಬೇಡಿ. ಮೊದಲ ಸಾಲಿನಲ್ಲೇ ಫಾರ್ವರ್ಡ್ ಬೇಡ ಅಂದಿದ್ದರು. ಹೊಗೆಸೊಪ್ಪಿನ ನಿಕೋಟಿನ್ ವಿಷ. ನಾಯಿ ಮೈ ನೆಕ್ಕುತ್ತೆ, ವಿಷ ಹೊಟ್ಟೆಗೇ ಹೋಗುತ್ತೆ. ಸೀಮೆಎಣ್ಣೆ ನೆಕ್ಕಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿಗೆ ಬಳಿಯುವುದೂ ಅಷ್ಟೇ ಅಪಾಯ. ನಾಯಿಗೆ ಅಂತಲೇ ಮಾತ್ರೆ, ಕುತ್ತಿಗೆಯ ಮೇಲೆ ಹಾಕುವ ಹನಿ ಇವೆ. ತೂಕ ನೋಡಿ ಕೊಡುತ್ತೇವೆ.

ನಿಟ್ಟೂರು: ನಮ್ಮ ಹಿರಿಯರು ಮಾಡ್ತಿದ್ದರು. ಎಲ್ಲದಕ್ಕೂ ಇಂಗ್ಲಿಷ್ ಔಷಧಿ ಅಂದರೆ ಹೇಗೆ?

ಡಾಕ್ಟರ್: ಹಿರಿಯರ ಎಷ್ಟು ನಾಯಿ ಸತ್ತವು ಅಂತ ಯಾರೂ ಬರೆದಿಡಲಿಲ್ಲ ಮಾರಾಯ್ರೆ. ನನ್ನ ಮೇಜಿನ ಮೇಲೆ ನಡುಗುತ್ತಾ, ಜೊಲ್ಲು ಸುರಿಸುತ್ತಾ ಬಂದದ್ದನ್ನು ನಾನು ನೋಡಿದ್ದೇನೆ.

ಆನಂದಪುರ: ನಾಯಿ ಸಾಕಿದರೆ ಮಂಗನ ಕಾಯಿಲೆ ಬರುತ್ತಾ? ಮನೆಯವರು ಅದಕ್ಕೇ ಬೇಡ ಅಂತಿದ್ದಾರೆ.

ಡಾಕ್ಟರ್: ಈ ಪ್ರಶ್ನೆ ಮುಖ್ಯ. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ನಾಯಿಯಿಂದ ಮನುಷ್ಯರಿಗೆ ನೇರವಾಗಿ ಅಂಟುವುದಿಲ್ಲ. ಹರಡುವುದು ಕಾಡಿನ ಉಣುಗು. ಆದರೆ ಕಾಡಿನಲ್ಲಿ ಅಲೆದು ಬಂದ ನಾಯಿ ಮೈಮೇಲೆ ಉಣುಗು ಹೊತ್ತು ಜಗಲಿಗೆ ತರಬಹುದು. ಹಾಗಾಗಿ ಡಿಸೆಂಬರ್‌ನಿಂದ ಮಳೆ ಹಿಡಿಯುವ ತನಕ ನಾಯಿಯನ್ನು ಕಾಡಿಗೆ ಬಿಡಬೇಡಿ. ದಿನಾ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ ಹುಡುಕಿ. ಚಿಮಟದಲ್ಲಿ ಬುಡ ಹಿಡಿದು ನೇರ ಎಳೆಯಿರಿ, ಉಗುರಿನಲ್ಲಿ ಕುಕ್ಕಬೇಡಿ. ನಾಯಿಗೆ ಬರುವ ಉಣುಗಿನ ಜ್ವರ ಬೇರೆ ಕಾಯಿಲೆ. ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ತಡ ಮಾಡಬೇಡಿ.

ಭದ್ರಾವತಿ: ಪಗ್ ರೇಟ್ ಕೇಳಿದ್ದೆ.

ತೀರ್ಥಹಳ್ಳಿ ಪೇಟೆ: ಮೊದಲ ಸಲ ಸಾಕುವವರಿಗೆ ಯಾವ ಜಾತಿ ಒಳ್ಳೆಯದು ಡಾಕ್ಟ್ರೇ?

ಡಾಕ್ಟರ್: ಮೇಲಿನಿಂದ ಓದಿ.

ತೀರ್ಥಹಳ್ಳಿ ಪೇಟೆ: ಇಷ್ಟುದ್ದ ಯಾರು ಓದ್ತಾರೆ? ಹೆಸರು ಹೇಳಿ ಸಾಕು.

ಡಾಕ್ಟರ್: ಓದಲು ಹತ್ತು ನಿಮಿಷ ಇಲ್ಲದವರು ಹತ್ತು ಹನ್ನೆರಡು ವರ್ಷ ನಾಯಿ ಸಾಕಬೇಡಿ.

ಕೊಪ್ಪ: ಡಾಕ್ಟ್ರೇ, ಕೇಳಿದವರ ಮೇಲೆ ರೇಗಿದರೆ ಹೇಗೆ?

ಸೊರಬ: ರೇಗದೆ ಏನು ಮಾಡ್ತಾರೆ, ನೀವೆಲ್ಲ ಹೀಗೆ ಕೇಳಿದರೆ.

ತೋಟದ ಮನೆ ಮಗಳು: ಡಾಕ್ಟ್ರೇ, ನಿಮ್ಮ ಉತ್ತರ ಅಮ್ಮನಿಗೆ ಓದಿ ಹೇಳಿದೆ. ಅಡ್ವಾನ್ಸ್ ವಾಪಸ್ ಕೇಳಿದರೆ, 45 ದಿನಕ್ಕೆ ಲಸಿಕೆ ಹಾಕಿಸಿ ಕಾರ್ಡ್ ಸಮೇತ ಕೊಡ್ತೀವಿ ಅಂತಿದ್ದಾರೆ. ಕಾರ್ಡ್ ಫೋಟೊ ಈಗಲೇ ಕಳಿಸಿದ್ದಾರೆ.

ಡಾಕ್ಟರ್: 45 ದಿನ ತುಂಬುವ ಮೊದಲೇ ಕಾರ್ಡ್ ಹೇಗೆ ಬಂತು? ಫೋಟೊ ದೊಡ್ಡದು ಮಾಡಿ ನೋಡಿ. ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಪುಟ್ಟ ಚೀಟಿ ಇದೆಯಾ, ಅದರಲ್ಲಿ ಬ್ಯಾಚ್ ನಂಬರ್ ಇದೆಯಾ? ಪಕ್ಕದಲ್ಲಿ ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರುವ ಮುದ್ರೆ?

ತೋಟದ ಮನೆ ಮಗಳು: ಪೆನ್ನಿನಲ್ಲಿ ದಿನಾಂಕ ಬರೆದಿದ್ದಾರೆ. ಬೇರೆ ಏನೂ ಇಲ್ಲ.

ಡಾಕ್ಟರ್: ಹಾಗಾದರೆ ಅದು ಕಾರ್ಡಲ್ಲ. 5,000 ಹೋದರೂ ಪರವಾಗಿಲ್ಲ, ಬಿಟ್ಟುಬಿಡಿ ಅಮ್ಮಾ.

ತೋಟದ ಮನೆ ಅಪ್ಪ: ನಮಸ್ಕಾರ. ನಾನು ಇವಳ ಅಪ್ಪ. ಮಗಳು ಈಗ ಗುಂಪಿಗೆ ಸೇರಿಸಿದಳು. ಒಂದು ವಿಷಯ ಅವಳಿಗೆ ಹೇಳಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಕೆಂಚು ಹೆಣ್ಣುನಾಯಿ ದಣಪೆ ಹತ್ತಿರ ಬರುತ್ತಿತ್ತು. ಇವರಮ್ಮ ಅನ್ನ ಹಾಕಿದಳು. ಈಗ ರಾತ್ರಿ ಬಚ್ಚಲಿನಲ್ಲಿ ಹಂಡೆ ಒಲೆಯ ಬೂದಿ ಹತ್ತಿರ ಮಲಗುತ್ತದೆ. ಬೆಳಿಗ್ಗೆ ಮೂತಿಯೆಲ್ಲ ಬೂದಿ. ಹೊಸಬರು ಬಂದರೆ ದಣಪೆ ದಾಟಲು ಬಿಡುವುದಿಲ್ಲ. ಹಳೆಯದು ಹೋದ ಮೇಲೆ ಮತ್ತೆ ನಾಯಿ ಹಚ್ಚಿಕೊಳ್ಳುವುದು ಬೇಡ ಅಂದುಕೊಂಡಿದ್ದೆ, ಹಾಗಾಗಿ ಹೆಸರು ಇಟ್ಟಿಲ್ಲ.

ತೋಟದ ಮನೆ ಮಗಳು: ಅಪ್ಪಾ! ಆರು ತಿಂಗಳಿಂದ ನಾಯಿ ಇದೆಯಾ ಮನೆಯಲ್ಲಿ?

ಸೊರಬ: ಡಾಕ್ಟ್ರು ಹೇಳಿದ ನಾಯಿ ಮನೆಯಲ್ಲೇ ಇದೆ ನೋಡಿ.

ಡಾಕ್ಟರ್: ನಮಸ್ಕಾರ ಯಜಮಾನ್ರೇ. ತುಂಬಾ ಸಂತೋಷ ಆಯ್ತು. ರಾತ್ರಿ ಬಚ್ಚಲಿನ ಬಾಗಿಲು ಹಾಕುತ್ತೀರಾ? ರೇಬಿಸ್ ಲಸಿಕೆ ಆಗಿದೆಯಾ? ಯಾರಿಗಾದರೂ ಕಚ್ಚಿದೆಯಾ, ಪರಚಿದೆಯಾ?

ತೋಟದ ಮನೆ ಅಪ್ಪ: ಬಾಗಿಲು ಹಾಕುತ್ತೇವೆ, ಚಿಲಕವೂ ಇದೆ. ಲಸಿಕೆ ಯಾವುದೂ ಇಲ್ಲ. ಕಚ್ಚಿಲ್ಲ.

ನಿಟ್ಟೂರು: ಕಚ್ಚಿದರೆ ಸುಣ್ಣ, ಮೆಣಸಿನಪುಡಿ ಹಚ್ಚಿ. ಕೈಮದ್ದು.

ಡಾಕ್ಟರ್: ನಿರ್ವಾಹಕರೇ, ಈ ಸಂದೇಶ ಈಗಲೇ ತೆಗೆಯಿರಿ. ರೇಬಿಸ್ ಲಕ್ಷಣ ಬಂದ ಮೇಲೆ ಮದ್ದಿಲ್ಲ. ನಾಯಿ ಕಚ್ಚಿದರೆ ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಸುಣ್ಣ, ಮೆಣಸು ಹಚ್ಚಿದರೆ ಗಾಯ ಕೆರಳಿ ಇನ್ನೂ ಕೆಡುತ್ತೆ. ಇದರ ಮೇಲೆ ಚರ್ಚೆ ಇಲ್ಲ.

ನಿರ್ವಾಹಕರು: ತೆಗೆಯುತ್ತೇನೆ. ನಿಟ್ಟೂರಿನವರೇ, ಇನ್ನೊಂದು ಹಾಕಿದರೆ ಗುಂಪಿನಿಂದ ತೆಗೆಯಬೇಕಾಗುತ್ತೆ.

ಶೃಂಗೇರಿ: ಡಾಕ್ಟ್ರೇ, ಲ್ಯಾಬಿಗೆ ಎಷ್ಟು ತಿಂಗಳವರೆಗೆ ದಿನಕ್ಕೆ ಮೂರು ಸಲ ಊಟ?

ಡಾಕ್ಟರ್: ಯಜಮಾನ್ರೇ, ಇನ್ನೊಂದು ಪ್ರಶ್ನೆ. ಅದರ ಹೊಟ್ಟೆ ಈಚೆಗೆ ಇಳಿಬಿದ್ದಿದೆಯಾ? ಮೊಲೆ ಕೆಂಪಗೆ, ದಪ್ಪ ಆಗಿದೆಯಾ?

ತೋಟದ ಮನೆ ಅಪ್ಪ: ಇವರಮ್ಮ ಹೋಗಿ ನೋಡಿ ಬಂದಳು. ಹೌದಂತೆ. ಎರಡು ದಿನದಿಂದ ಕೊಟ್ಟಿಗೆ ಮೂಲೆಯ ದರಗು ಕೆದರುತ್ತಿದೆ.

ಡಾಕ್ಟರ್: ಹಾಗಾದರೆ ಇವತ್ತೋ ನಾಳೆಯೋ ಮರಿ ಹಾಕುತ್ತೆ. ಈಗ ಗಾಡಿ ಹತ್ತಿಸಬೇಡಿ. ಕೊಟ್ಟಿಗೆಯಲ್ಲಿ ಬಿಡಬೇಡಿ, ಬಚ್ಚಲಿಗೇ ಗೋಣಿ ಹಾಕಿ ಜಾಗ ಮಾಡಿ, ಚಿಲಕ ಹಾಕಿ. ಒಲೆಗೆ ಅಡ್ಡ ಹಲಗೆ ಇಡಿ, ಮರಿಗಳು ಬೂದಿಗೆ ಉರುಳಬಾರದು. ನೋವು ಶುರುವಾಗಿ ಜೋರಾಗಿ ತಿಣುಕಿದರೂ ಅರ್ಧ ಗಂಟೆಯಲ್ಲಿ ಮೊದಲ ಮರಿ ಬರದಿದ್ದರೆ, ಹಸಿರು ನೀರು ಮೊದಲು ಬಂದರೆ, ಎಷ್ಟು ಹೊತ್ತಾದರೂ ಫೋನ್ ಮಾಡಿ. ನಂಬರ್ ಮಗಳಿಗೆ ಬೇರೆಯಾಗಿ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಹೊಸನಗರದಿಂದ ಬರುತ್ತಾ ನಾನೇ ನಿಮ್ಮ ಮನೆಗೆ ಬರುತ್ತೇನೆ.

ತೋಟದ ಮನೆ ಮಗಳು: ನಾನು ರಾತ್ರಿ ಬಸ್ಸಿಗೆ ಹೊರಟೆ.

ತೀರ್ಥಹಳ್ಳಿ ಪೇಟೆ: ಯಜಮಾನ್ರೇ, ಮರಿ ಆದರೆ ನಮಗೊಂದು ಕೊಡ್ತೀರಾ?

ಡಾಕ್ಟರ್: 8 ವಾರ ತುಂಬಲಿ.